ಸೋಮವಾರದ ಉಸಿರು

ಬೀಸುವ ಹಾಡುಗಳು ಬಹಳ ಚಂದ ಎಂದು ಹೊಗಳುವ ಗಂಡಸರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರಾದರೂ ಬೀಸುಕಲ್ಲಿನ ಗೂಟ ಹಿಡಿದವರಲ್ಲ. ಕೋಳಿ ಕೂಗುವ ಮುಂಚೆ ಎದ್ದು, ಕಾಲು ಚಾಚಿ ಕಲ್ಲಿನ ಮುಂದೆ ಕುಳಿತು, ಮನೆಮಂದಿಗೆಲ್ಲ ಸಾಕಾಗುವಷ್ಟು ಜೋಳ ಬೀಸಿ ಏಳುವಾಗ, ಹೆಗಲು ನನ್ನದೋ ಬೇರೆಯವರದೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಗುತ್ತಿತ್ತು. ಹಾಡುತ್ತಿದ್ದದ್ದು ನಿಜ. ಹಾಡದಿದ್ದರೆ ಅಳಬೇಕಾಗುತ್ತಿತ್ತು, ಅದಕ್ಕೇ ಹಾಡುತ್ತಿದ್ದೆವು.

ಹಾಗಾಗಿ ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಹಿಟ್ಟಿನ ಗಿರಣಿ ಬಂದ ದಿನ ನನಗೆ ನನ್ನ ಮದುವೆಯ ದಿನಕ್ಕಿಂತ ಚೆನ್ನಾಗಿ ನೆನಪಿದೆ. ಮದುವೆಯ ದಿನ ತಲೆ ತಗ್ಗಿಸಿ ಕುಳಿತಿದ್ದೆ, ಏನೂ ಕಾಣಲಿಲ್ಲ. ಗಿರಣಿ ಬಂದ ದಿನ ತಲೆ ಎತ್ತಿಯೇ ನಿಂತಿದ್ದೆ.

ಆಗಿನ್ನೂ ಎರಡನೆಯ ದೊಡ್ಡ ಯುದ್ಧ ಶುರುವಾಗಿರಲಿಲ್ಲ. ಮುಂಬಯಿಯಿಂದ ರೈಲಿನಲ್ಲಿ ಎಂಜಿನು ಬಂತು. ಸ್ಟೇಷನ್ನಿನಿಂದ ಎತ್ತಿನ ಬಂಡಿಯ ಮೇಲೆ ಮದುಮಗನ ಹಾಗೆ ಮೆರೆಯುತ್ತ ನಮ್ಮ ಮನೆಯ ಪಕ್ಕದ ಖಾಲಿ ಕೊಟ್ಟಿಗೆಗೆ ಬಂತು. ತರಿಸಿದವರು ನಮ್ಮವರು. ಗಂಡನ ಹೆಸರನ್ನು ನಾಲಿಗೆಯ ಮೇಲೆ ತರಬಾರದೆಂದು ಹಿರಿಯರು ಕಲಿಸಿದ್ದಾರೆ. ಕಾಗದದ ಮೇಲೆ ತರಬಾರದೆಂದು ಯಾರೂ ಹೇಳಿಲ್ಲ: ನೀಲಕಂಠಪ್ಪ. ಅಜ್ಜನ ಕಾಲದಿಂದ ಕಾಳಿನ ವ್ಯಾಪಾರದ ಮನೆತನ. ಇದ್ದ ವ್ಯಾಪಾರ ಬಿಟ್ಟು ಈ ಕಬ್ಬಿಣದ ಸಹವಾಸ ಯಾಕೆ ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಕಾಳಿಗಿಂತ ಹಿಟ್ಟಿನ ಕೆಲಸ ಛಲೋ."

ಎಂಜಿನು ನೋಡಿಕೊಳ್ಳಲು ಮಕ್ತುಮಸಾಬ ಬಂದ. ನಮ್ಮ ಹಿತ್ತಿಲ ಗೋಡೆಯ ಆಚೆಯೇ ಅವನ ಮನೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಎಂಜಿನಿನ ಜೊತೆ ಎಮ್ಮೆಯ ಜೊತೆ ಮಾತಾಡಿದಂತೆ ಮಾತಾಡುವನು. ಅವನು ಚಕ್ರ ತಿರುಗಿಸಿ ಎಬ್ಬಿಸಿದರೆ ಟುಕ್ ಟುಕ್ ಎಂದು ಶುರುವಾಗುವ ಸಪ್ಪಳ ಉಣಕಲ್ಲಿನ ಕೆರೆಯವರೆಗೂ ಕೇಳುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೈರಿದೇವರಕೊಪ್ಪದಿಂದಲೂ ಹೆಂಗಸರು ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಬರತೊಡಗಿದರು. ನಾನು ಬೀಸುಕಲ್ಲನ್ನು ಅಡುಗೆಮನೆಯ ಮೂಲೆಗೆ ಉರುಳಿಸಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟೆ.

ಮೊದಲ ವರ್ಷ ಬರೀ ಸೀನು. ನಮ್ಮವರು ಗಿರಣಿಯ ಬಾಯಿಯ ಬಳಿ ನಿಂತು, ಧುಮುಕುವ ಹಿಟ್ಟನ್ನು ಜನರ ಚೀಲಕ್ಕೆ ಹಿಡಿಯುವರು. ಸಂಜೆ ಮನೆಗೆ ಬಂದರೆ ರೆಪ್ಪೆಯಿಂದ ಮೀಸೆಯವರೆಗೆ ಬಿಳಿ. ಬಾಗಿಲಲ್ಲೇ ನಾಲ್ಕಾರು ಸೀನು ಸೀನಿ ಒಳಗೆ ಬರುವರು. ಅವರು ಸೀನಿದರೆ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ, ಗಡಿಯಾರ ಬೇಕಿರಲಿಲ್ಲ.

ಎರಡನೆಯ ವರ್ಷ ಸೀನು ಎದೆಗೆ ಇಳಿಯಿತು. ಸಂಜೆಯಾದರೆ ಎದೆಯಲ್ಲಿ ಪೀಪಿ ಊದಿದಂತೆ ಸಿಳ್ಳು. ಮೆಟ್ಟಿಲು ಹತ್ತಿದರೆ ದಮ್ಮು, ಮಾತು ಉದ್ದವಾದರೆ ದಮ್ಮು. ಅರ್ಧ ಮಾತಾಡಿ ಉಳಿದರ್ಧವನ್ನು ಕೈಯಲ್ಲಿ ಆಡುವರು. ವಿಚಿತ್ರವೆಂದರೆ ಅತ್ತ ಮಕ್ತುಮಸಾಬನಿಗೂ ಅದೇ. ಇಬ್ಬರೂ ಸಂಜೆ ಕಟ್ಟೆಯ ಮೇಲೆ ಕುಳಿತರೆ ಓಣಿಯ ನಾಯಿಗಳು ಕಿವಿ ನಿಮಿರಿಸಿ ಸಿಳ್ಳು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿದ್ದವು.

ಅಪರಾಧಿಯನ್ನು ಹುಡುಕುವುದು ಶುರುವಾಯಿತು. ಮೊದಲು ಮೊಸರಿನ ಮೇಲೆ ಅನುಮಾನ, ಮೊಸರು ಬಂದ್. ಬಾಳೆಹಣ್ಣು ಬಂದ್. ಆಮೇಲೆ ಮಕ್ತುಮಸಾಬನ ಬೀಡಿ. ಪಾಪ, ಅದನ್ನೂ ಬಿಟ್ಟ. ಆಮೇಲೆ ಎಂಜಿನಿನ ಹೊಗೆ. ಹೊಗೆಯ ಕೊಳವೆಯನ್ನು ಮಾಡಿನ ಮೇಲೆ ಮಾರುದ್ದ ಏರಿಸಿದರು. ಆಮೇಲೆ ದೃಷ್ಟಿ, ಮೆಣಸಿನಕಾಯಿ ಸುಟ್ಟೆವು, ಆ ಘಾಟಿಗೆ ಇಬ್ಬರೂ ಇನ್ನಷ್ಟು ಕೆಮ್ಮಿದರು. ಒಂದನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಅದು ಹಿಟ್ಟು. ನಮ್ಮವರು ಒಂದು ಚಿಟಿಕೆ ಹಿಟ್ಟು ನೆಲಕ್ಕೆ ಬಿದ್ದರೆ ತೆಗೆದು ಕಣ್ಣಿಗೆ ಒತ್ತಿಕೊಳ್ಳುವ ಮನುಷ್ಯ. ಅನ್ನದೇವರು ಎದೆ ಹಿಡಿಯುತ್ತಾನೆಯೇ? ತಾಯಿಯನ್ನು ಕಳ್ಳಿ ಎಂದಂತೆ.

ಇದರ ನಡುವೆ ಒಂದು ಚಮತ್ಕಾರ ನಡೆಯುತ್ತಿತ್ತು. ಸೋಮವಾರ ನಮ್ಮವರು ಗಿರಣಿಗೆ ಹೋಗುವುದಿಲ್ಲ. ಬಸವಣ್ಣನ ವಾರ, ನಮ್ಮ ಕಡೆ ಎತ್ತಿನ ಹೆಗಲಿಗೂ ಅಂದು ನೊಗ ಇಡುವುದಿಲ್ಲ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಉಪವಾಸವಿದ್ದು, ಮಠಕ್ಕೆ ಹೋಗಿ ಕೂಡುವರು. ಅಂದು ಸಂಜೆ ಎದೆ ಬೆಣ್ಣೆಯ ಹಾಗೆ ಮೆತ್ತಗೆ. ಗಿರಣಿಯನ್ನು ಅಂದು ಮಕ್ತುಮಸಾಬ ಒಬ್ಬನೇ ನಡೆಸುವನು. ಅವನಿಗೆ ರಜೆ ಶುಕ್ರವಾರ. ಎಂಜಿನಿಗೆ ಅಂದು ಅವನ ತಮ್ಮ ಗೌಸಸಾಬ ಬರುವನು. ಮಕ್ತುಮಸಾಬ ಮಧ್ಯಾಹ್ನ ಮಸೀದಿಗೆ ಹೋಗಿ ನಮಾಜು ಮಾಡಿ ಬಂದು ಮಲಗಿದರೆ ಅವನ ಎದೆಯೂ ಬೆಣ್ಣೆ.

"ಶಿವನ ಕೃಪಾ ಮಕ್ತುಮಸಾಬ," ಎಂದರು ನಮ್ಮವರು ಒಂದು ಮಂಗಳವಾರ ಬೆಳಿಗ್ಗೆ. "ಸೋಮವಾರ ಹೆಸರ ತಗೊಂಡರ ಸಾಕು, ದಮ್ಮ ಓಡಿ ಹೋಗ್ತೈತಿ. ನೀನೂ ಬರೂ ಸೋಮವಾರ ಈ ವಿಭೂತಿ ಹಚ್ಚಿ ನೋಡಪಾ."

"ಹಚ್ಚತೇನ್ರಿ ಸಾವ್ಕಾರ್ರ. ನೀವೂ ಶುಕ್ರವಾರ ನಮ್ಮ ದರ್ಗಾದ ತಾಯಿತ ಕಟ್ಟಕೋರಿ. ನಂಗ ಶುಕ್ರವಾರ ಅಂದ್ರ ಎದ್ಯಾಗ ಗಾಳಿ ಹೆಂಗ ಆಡ್ತೈತಿ ಅಂತೀರಿ!"

ಮಕ್ತುಮಸಾಬ ಸೋಮವಾರ ಹಣೆಗೆ ವಿಭೂತಿ ಹಚ್ಚಿಕೊಂಡು ಗಿರಣಿ ನಡೆಸಿದ. ಸಂಜೆ ಎಂದಿನಂತೆ ಸಿಳ್ಳು. ನಮ್ಮವರು ಶುಕ್ರವಾರ ತೋಳಿಗೆ ತಾಯಿತ ಕಟ್ಟಿಕೊಂಡು ಹಿಟ್ಟು ಹಿಡಿದರು. ಸಂಜೆ ಎಂದಿನಂತೆ ದಮ್ಮು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಗಂಭೀರವಾಗಿ ತೀರ್ಮಾನ ಮಾಡಿದರು: ಅವರವರ ದೇವರು ಅವರವರ ಎದೆಯನ್ನೇ ನೋಡಿಕೊಳ್ಳುತ್ತಾನೆ. ಒಬ್ಬರನ್ನೊಬ್ಬರು ಸಮಾಧಾನ ಪಡಿಸಿದರು. ನನಗೆ ನಗು ಬಂದದ್ದು ಆಗಲ್ಲ, ಮರುದಿನ.

ಮರುದಿನ ಹಿತ್ತಿಲ ಗೋಡೆಯ ಆಚೆ ಮಕ್ತುಮಸಾಬನ ಹೆಂಡತಿ ಇಮಾಮಬಿ ಬಟ್ಟೆ ಹರವುತ್ತಿದ್ದಳು. ಈಚೆ ನಾನು ಹಪ್ಪಳ ಹಾಕುತ್ತಿದ್ದೆ.

"ಅಕ್ಕಾ, ಒಂದ ಮಾತ ಕೇಳ್ಲಿ?" ಎಂದಳು. "ನಿಮ್ಮವರು ಸೋಮವಾರ ಎಲ್ಲಿರ್ತಾರ?"

"ಮಠದಾಗ."

"ನಮ್ಮವರು ಶುಕ್ರವಾರ?"

"ಮಸೀದ್ಯಾಗ. ಆಮ್ಯಾಲೆ ಮನ್ಯಾಗ."

"ಹಂಗಾರ ಇಬ್ಬರೂ ಎಲ್ಲಿರೂದಿಲ್ಲ?"

ನನ್ನ ಕೈಯ ಹಪ್ಪಳ ಕೈಯಲ್ಲೇ ಉಳಿಯಿತು. ನಾವಿಬ್ಬರೂ ಗೋಡೆಯ ಮೇಲಿಂದ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟೆವು. ಪಕ್ಕದ ಕೊಟ್ಟಿಗೆಯಲ್ಲಿ ಟುಕ್ ಟುಕ್ ಎಂದು ಗಿರಣಿ ನಡೆಯುತ್ತಲೇ ಇತ್ತು, ಕಿಟಕಿಯಿಂದ ಬಿಳಿ ಧೂಳು ಬಿಸಿಲಿಗೆ ಹೊರಟು ಬರುತ್ತಿತ್ತು.

ಬಾಯಿಂದ ಹೇಳಿದರೆ ನಂಬುವ ಜನವಲ್ಲ. ಮಾಡಿ ತೋರಿಸಬೇಕು. ಮುಂದಿನ ಶುಕ್ರವಾರ ನಾನು ಒಂದು ಸುಳ್ಳು ಹೇಳಿದೆ: ನವಲಗುಂದದ ಕಡೆಯ ನನ್ನ ತಮ್ಮ ಮೈಲಾರಲಿಂಗಪ್ಪ ಬರುತ್ತಾನೆ, ಮಾಮಾರನ್ನು ಕಂಡೇ ಹೋಗುತ್ತಾನಂತೆ, ಮನೆಯಲ್ಲೇ ಇರಿ ಎಂದೆ. ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಕುಳಿತರು. ತಮ್ಮ ಎಲ್ಲಿಂದ ಬರಬೇಕು? ಸಂಜೆಯ ಹೊತ್ತಿಗೆ ಎದೆಯಲ್ಲಿ ಸಿಳ್ಳಿಲ್ಲ, ಸೀನಿಲ್ಲ; ಎರಡು ರೊಟ್ಟಿ ಹೆಚ್ಚಿಗೆ ತಿಂದರು.

"ಈಗ ಹೇಳ್ರಿ," ಎಂದೆ. "ಇವತ್ತ ಯಾವ ವಾರ? ಶುಕ್ರವಾರ. ಉಪವಾಸ ಇಲ್ಲ, ಮಠ ಇಲ್ಲ. ಎದಿ ಹೆಂಗೈತಿ?"

ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ಎರಡು ಸಲ ಉದ್ದಕ್ಕೆ ಉಸಿರೆಳೆದು ನೋಡಿದರು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂಗಿದರು: "ಮಕ್ತುಮಸಾಬ! ನಿಮ್ಮ ದೇವರು ನನಗೂ ಕೃಪಾ ಮಾಡಿದನೋ!"

ಹಣೆ ಚಚ್ಚಿಕೊಂಡೆ. ಅಂದಿನಿಂದ ನಮ್ಮವರು ಸೋಮವಾರದ ಜೊತೆಗೆ ಶುಕ್ರವಾರವನ್ನೂ ಹಿಡಿದರು. ಅದನ್ನು ನೋಡಿ ಮಕ್ತುಮಸಾಬ, ಸಾವ್ಕಾರ್ರು ನಮ್ಮ ದೇವರಿಗೆ ಇಷ್ಟು ನಡಕೊಂಡ ಮೇಲೆ ನಾನು ಅವರ ದೇವರಿಗೆ ನಡಕೊಳ್ಳದಿದ್ದರೆ ಹೇಗೆ ಎಂದು ಸೋಮವಾರವನ್ನೂ ಹಿಡಿದ. ಎರಡೂ ದಿನ ಗಿರಣಿಗೆ ಬೀಗ ಬಿತ್ತು. ಹೊತ್ತು ತಂದ ಜೋಳವನ್ನು ಹೊತ್ತುಕೊಂಡೇ ವಾಪಸು ಹೋಗಬೇಕಾದ ಹೆಂಗಸರು ನನ್ನ ಬಾಗಿಲಿಗೆ ಬಂದು ನಿಂತು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಕೊನೆಗೆ ನಾನು, ಇಮಾಮಬಿ ಇಬ್ಬರೂ ಅವರನ್ನು ಕಟ್ಟೆಯ ಮೇಲೆ ಕೂರಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ನಿಮಗೆ ತ್ರಾಸು ಕೊಡುತ್ತಿರುವುದು ಹಿಟ್ಟಿನ ಧೂಳು ಎಂದೆವು. ಮಕ್ತುಮಸಾಬ "ತೋಬಾ ತೋಬಾ" ಎಂದು ಕೆನ್ನೆ ಮುಟ್ಟಿಕೊಂಡ. ನಮ್ಮವರಂತೂ, "ಗೌರೀ, ಹಿಟ್ಟಿಗೆ ಹಂಗ ಅನಬ್ಯಾಡ. ಅದನ್ನ ತಿಂದ ಬೆಳದ ಬಾಯಿ ಅದು," ಎಂದು ಎದ್ದು ಹೋದರು.

ಕಾರಹುಣ್ಣಿಮೆ ಕಳೆದು ಮಳೆ ಹಿಡಿಯಿತು. ಕೊಟ್ಟಿಗೆಯ ಕಿಟಕಿ ಬಾಗಿಲು ಮುಚ್ಚಿ ಗಿರಣಿ ನಡೆಸಬೇಕಾಯಿತು. ಒಂದು ಮಧ್ಯಾಹ್ನ, ಅಣ್ಣನನ್ನು ಕಾಣಲು ಗಿರಣಿಗೆ ಬಂದಿದ್ದ ಗೌಸಸಾಬ ಓಡಿ ಬಂದು, "ಅಕ್ಕಾರ, ಲಗೂ ಬರ್ರಿ," ಎಂದ. ಹೋಗಿ ನೋಡಿದರೆ ನಮ್ಮವರು ಜೋಳದ ಚೀಲದ ಮೇಲೆ ಕುಳಿತಿದ್ದರು. ಎರಡೂ ಕೈ ಮೊಣಕಾಲ ಮೇಲೆ ಊರಿ, ಕತ್ತು ಮುಂದೆ ಚಾಚಿ, ಬಾಯಿ ತೆರೆದು ಗಾಳಿಯನ್ನು ಹುಡುಕುತ್ತಿದ್ದರು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದರು, ಉಸಿರಿರಲಿಲ್ಲ. ನನ್ನ ಕೈ ಹಿಡಿದುಕೊಂಡರು, ಅಷ್ಟೇ. ಮಕ್ತುಮಸಾಬ ಎಂಜಿನು ನಿಲ್ಲಿಸಿ, ತಾನೇ ಏದುಸಿರು ಬಿಡುತ್ತ, ಅವರನ್ನು ಬಯಲಿಗೆ ಎತ್ತಿ ತಂದ. ಅಂದು ನನಗೆ ಆದ ಹೆದರಿಕೆ ಎಂದೂ ಆಗಿರಲಿಲ್ಲ.

ಸುದ್ದಿ ತಿಳಿದು ತಮ್ಮ ಮೈಲಾರಲಿಂಗಪ್ಪ ಈ ಸಲ ಖರೇ ಬಂದ. ಅವನಿಗೆ ನಮ್ಮ ಎಂಜಿನಿನ ಮೇಲೆ ಮೊದಲಿಂದ ಕಣ್ಣು. ಬಂದಾಗಲೆಲ್ಲ ಹೋರಿಯ ಬೆನ್ನು ಸವರಿದಂತೆ ಸವರಿ ಹೋಗುವನು.

"ಅಕ್ಕಾ, ಮಾಮಾರ ಜೀವಕ್ಕಿಂತ ಇದು ದೊಡ್ಡದಲ್ಲ," ಎಂದ. "ನಮ್ಮೂರಿಗೆ ಒಯ್ತೇನಿ. ಅಲ್ಲೆ ನಡಸ್ತೇನಿ. ಮಕ್ತುಮಸಾಬನೂ ಬೇಕಾದ್ರ ಬರ್ಲಿ."

ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಸಿಟ್ಟು. ಗಿರಣಿ ಹೋದರೆ ಓಣಿಯ ಅಷ್ಟೂ ಹೆಂಗಸರು ಮತ್ತೆ ಕಲ್ಲಿನ ಮುಂದೆ. ನಾನೂ ಕಲ್ಲಿನ ಮುಂದೆ. ಗಿರಣಿ ಉಳಿದರೆ ನಮ್ಮವರು ಉಳಿಯುವುದಿಲ್ಲ. ನನಗೆ ಎರಡೂ ಬೇಕಾಗಿತ್ತು, ಮುಚ್ಚುಮರೆ ಏನು? ಆದರೆ ಆ ನೇರಳೆ ತುಟಿ ಕಣ್ಣ ಮುಂದೆ ಬಂತು.

"ಒಯ್ಯಪಾ," ಎಂದೆ.

ಮಳೆಗೆ ನವಲಗುಂದದ ಎರೆ ಭೂಮಿಯಲ್ಲಿ ಬಂಡಿಯ ಗಾಲಿ ಅಚ್ಚಿನವರೆಗೂ ಹೂಳುತ್ತದೆ. ಸೀಗಿ ಹುಣ್ಣಿಮೆ ಮುಗಿದು ದಾರಿ ಆರಿದ ಮೇಲೆ ಬಂಡಿ ತರುತ್ತೇನೆ ಎಂದು ಹೇಳಿ ತಮ್ಮ ಹೋದ. ನಮ್ಮವರು ಒಳಗೆ ಮಲಗಿದ್ದರು; ಎಲ್ಲ ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಎದ್ದು, ಹುಣ್ಣಿಮೆಯವರೆಗಾದರೂ ನಡೆಯಲಿ ಎಂದು ಮತ್ತೆ ಗಿರಣಿಗೆ ಹೋದರು.

ಶ್ರಾವಣ ಬಂತು. ಮಠದಲ್ಲಿ ತಿಂಗಳಿಡೀ ದಾಸೋಹ. ಮಠದ ಮಹಾಂತಯ್ಯನವರು ಜೋಳ, ಗೋಧಿಯ ಚೀಲಗಳನ್ನು ಪ್ರತಿವರ್ಷ ನಮ್ಮ ಗಿರಣಿಗೇ ಕಳಿಸುವರು. ಆ ಸಲ ನಾನು ಅದರಲ್ಲಿ ಒಂದು ಬುಟ್ಟಿ ಗೋಧಿ ಮನೆಗೆ ತರಿಸಿಕೊಂಡೆ. ಹೇಗೂ ಮುಂದೆ ಕಲ್ಲು ಹಿಡಿಯುವುದೇ ಇದೆ, ದೇವರ ಹಿಟ್ಟಿನಿಂದಲೇ ಕೈ ಪಳಗಿಸಿಕೊಳ್ಳೋಣ ಎಂದು. ಉಪ್ಪಿನಕಾಯಿ ಭರಣಿ ಇಳಿಸಿ, ಬೀಸುಕಲ್ಲು ತೊಳೆದು, ಮರುದಿನ ನಸುಕಿನಲ್ಲಿ ಕುಳಿತೆ. ಹಾಡು ಬರಲಿಲ್ಲ. ಕಲ್ಲು ಮಾತ್ರ ಗರಗರ ಎಂದಿತು.

ಸ್ವಲ್ಪ ಹೊತ್ತಿಗೆ ನಮ್ಮವರು ಬಾಗಿಲಲ್ಲಿ ಬಂದು ನಿಂತರು. ನನ್ನ ಕೈಯನ್ನೇ ನೋಡಿದರು. ಆಮೇಲೆ ಮುಖ ನೋಡಿದರು.

"ಬಾಯಿಗೆ ಏನ ಕಟ್ಟಕೊಂಡೀದಿ?"

ಮೂಗು, ಬಾಯಿ ಎರಡೂ ಮುಚ್ಚುವಂತೆ ಹಳೆಯ ಅರಿವೆ ಕಟ್ಟಿಕೊಂಡಿದ್ದೆ. ನನಗೆ ಅದರ ನೆನಪೇ ಇರಲಿಲ್ಲ. ತವರಿನಲ್ಲಿ ನಮ್ಮವ್ವ ಶಿವಬಸವ್ವ ಮಠದ ಹಿಟ್ಟು ಬೀಸುವಾಗ ಹೀಗೇ ಕಟ್ಟಿಕೊಳ್ಳುತ್ತಿದ್ದಳು, ನಮಗೂ ಕಟ್ಟುತ್ತಿದ್ದಳು. ಕೈ ತಾನಾಗಿಯೇ ಕಟ್ಟಿತ್ತು.

"ಮಠದ ಅಜ್ಜಾರ ದಾಸೋಹದ ಹಿಟ್ಟಲ್ಲೇನ್ರಿ?" ಎಂದೆ. "ನೈವೇದ್ಯ ಆಗೂದು. ಅದಕ್ಕ ನಮ್ಮ ಎಂಜಲ ಉಸರ ತಾಗಬಾರದು."

ಅವರ ಮುಖ ಒಮ್ಮೆಲೇ ಇಳಿದುಹೋಯಿತು. "ಹಂಗಾರ ನಾ ಇಷ್ಟ ವರ್ಷ ಮಠದ ಹಿಟ್ಟಿನ ಮ್ಯಾಲೆ... ಕೆಮ್ಮಿದೆ? ಸೀನಿದೆ?" ಎಂದು ತಡೆದು ತಡೆದು ಹೇಳಿದರು. "ಶಿವಶಿವಾ. ಎಂಥಾ ತಪ್ಪ ಆತು ಗೌರೀ!"

ನನ್ನ ತಲೆಯಲ್ಲಿ ಏನೋ ಪಟ್ಟನೆ ತೆರೆದುಕೊಂಡಿತು. ಹಿಟ್ಟು ನಿಮ್ಮನ್ನು ಕೆಡಿಸುತ್ತದೆ ಎಂದರೆ ಈ ಮನುಷ್ಯ ಸಾಯುವವರೆಗೂ ಒಪ್ಪುವುದಿಲ್ಲ. ನೀವು ಹಿಟ್ಟನ್ನು ಕೆಡಿಸುತ್ತೀರಿ ಎಂದರೆ ಇಲ್ಲೇ ಈಗಲೇ ಒಪ್ಪುತ್ತಾರೆ! ಇಷ್ಟು ದಿನ ಬಾಗಿಲನ್ನು ತಳ್ಳುತ್ತಿದ್ದೆ, ಅದು ಎಳೆಯುವ ಬಾಗಿಲು.

"ಆಗಿದ್ದ ಆತು ಬಿಡ್ರಿ," ಎಂದು ಗಂಭೀರವಾಗಿ ಹೇಳಿದೆ. "ಇನ್ನ ಮುಂದ ಕಟ್ಟಕೋರಿ."

ಹಳೆಯ ಧೋತರ ಹರಿದು, ನಾಲ್ಕು ಮಡಿಕೆ ಮಾಡಿ, ಮೂಗಿನ ಮೇಲಿಂದ ಹಿಂದಲೆಗೆ ನಾನೇ ಬಿಗಿದು ಕಟ್ಟಿದೆ. ಗಿರಣಿಯಲ್ಲಿ ಮಕ್ತುಮಸಾಬ ಅವರನ್ನು ನೋಡಿ ಮೊದಲು ದರೋಡೆಕಾರನೆಂದು ಹೆದರಿ ಬೋಲ್ಟು ತಿರುಗಿಸುವ ಪಾನಾ ಕೈಗೆ ತೆಗೆದುಕೊಂಡನಂತೆ. ವಿಷಯ ತಿಳಿದ ಮೇಲೆ, "ಖರೇ ಐತ್ರಿ ಸಾವ್ಕಾರ್ರ. ಮೊಹರಮ್ಮಿನ್ಯಾಗ ಎಡಿ ಇಡೂ ಚೊಂಗ್ಯಾ ರೊಟ್ಟಿ ಹಿಟ್ಟ ಬೀಸುವಾಗ ನಮ್ಮವ್ವನೂ ಹಿಂಗ ಬಾಯಿ ಕಟ್ಟತಿದ್ಲು," ಎಂದು ತಾನೂ ಒಂದು ತುಂಡು ಕೇಳಿ ಇಸಿದುಕೊಂಡ.

ಮಠದ ಹಿಟ್ಟು ಮುಗಿಯುವುದರೊಳಗೆ ಇಬ್ಬರ ಸೀನೂ ನಿಂತಿತ್ತು. ಆದರೆ ಮಠದ ಹಿಟ್ಟು ಮುಗಿದ ಕೂಡಲೇ ನಮ್ಮವರು ಅರಿವೆ ಬಿಚ್ಚಿ ಗೂಟಕ್ಕೆ ಹಾಕಿದರು. ಜನ ನೋಡಿ ನಗುತ್ತಾರಂತೆ.

"ಯಾಕ ಬಿಚ್ಚಿದ್ರಿ?" ಎಂದೆ.

"ಇದು ಮಂದಿ ಮನಿ ಹಿಟ್ಟ. ದಾಸೋಹದ್ದಲ್ಲ."

"ಹೌದೇನ್ರಿ? ಈ ಓಣ್ಯಾಗ ಯಾರ ಮನ್ಯಾಗ ಲಿಂಗಕ್ಕ ಅರ್ಪಿಸಲಾರದ ರೊಟ್ಟಿ ತಿಂತಾರ, ಹೆಸರ ಹೇಳ್ರಿ ನೋಡೂಣು. ಇಮಾಮಬಿ ಏನು ಬಿಸ್ಮಿಲ್ಲಾ ಅನ್ನದ ತುತ್ತ ಎತ್ತತಾಳೇನು? ದೇವರಿಗೆ ಹೋಗಲಾರದ ಹಿಟ್ಟ ಈ ಗಿರಣ್ಯಾಗ ಒಂದ ಹಿಡಿ ಇದ್ರ ತೋರಸ್ರಿ. ಅದಕ್ಕ ಅರಿವಿ ಬ್ಯಾಡ."

ಅವರು ಎದ್ದರು. ಗೂಟದ ಮೇಲಿನ ಅರಿವೆ ತೆಗೆದುಕೊಂಡು ಹೋದರು. ಅಂದು ಸಾಯಂಕಾಲ ಇಮಾಮಬಿ ಗಿರಣಿಯ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತು, ಧುಮುಕುವ ಹಿಟ್ಟನ್ನು ನೋಡುತ್ತ, "ಅಕ್ಕಾ, ಗಂಡಸರ ಬಾಯಿ ಅಷ್ಟ ಕಟ್ಟಿದ್ರ ಹೆಂಗ? ಇದರ ಬಾಯಿನೂ ಕಟ್ಟಬೇಕು ನೋಡ್ರಿ," ಎಂದಳು. ಹಳೆಯ ಸೀರೆಯ ಸೆರಗು ಹರಿದು ಉದ್ದನೆಯ ಅಂಗಿತೋಳಿನಂತೆ ಹೊಲಿದು ತಂದಳು. ಅದರ ಒಂದು ತುದಿಯನ್ನು ಗಿರಣಿಯ ಬಾಯಿಗೆ ಕಟ್ಟಿ, ಇನ್ನೊಂದನ್ನು ಚೀಲದೊಳಗೆ ಬಿಟ್ಟರೆ ಹಿಟ್ಟು ಹಾರದೆ ಸದ್ದಿಲ್ಲದೆ ಇಳಿಯಿತು. ಹಸಿರು ಸೀರೆ, ಕೆಂಪು ಅಂಚು. ಗಿರಣಿ ಮದುವಣಗಿತ್ತಿಯಂತೆ ಕಾಣಿಸತೊಡಗಿತು.

ದಿನ ಕಳೆದ ಹಾಗೆ ನಮ್ಮವರ ಮಾತು ಉದ್ದವಾಗತೊಡಗಿತು. ಕೈಯಲ್ಲಿ ಆಡುತ್ತಿದ್ದ ಅರ್ಧ ಮಾತು ಬಾಯಿಗೆ ವಾಪಸು ಬಂತು. ಗಣಪತಿ ಹೋಗಿ, ನವರಾತ್ರಿ ಬರುವ ಹೊತ್ತಿಗೆ ಮೆಟ್ಟಿಲನ್ನು ನಿಲ್ಲದೆ ಹತ್ತಿದರು. ನಾನು ಕೆಳಗೆ ನಿಂತು ಎಲ್ಲಾದರೂ ನಿಲ್ಲುತ್ತಾರೇನೋ ಎಂದು ಉಸಿರು ಹಿಡಿದು ನೋಡಿದೆ. ನಿಲ್ಲಲಿಲ್ಲ. ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದೆ.

ಆದರೆ ಬಾಯಿಮಾತು ಕೊಟ್ಟಾಗಿತ್ತು. ಸೀಗಿ ಹುಣ್ಣಿಮೆಯ ಎರಡು ದಿನದ ಮೇಲೆ ಮೈಲಾರಲಿಂಗಪ್ಪ ಎರಡು ಬಂಡಿ, ಹಗ್ಗ, ಆಳುಗಳನ್ನು ಕಟ್ಟಿಕೊಂಡು ಬಂದೇ ಬಿಟ್ಟ. ಬಂಡಿಯಿಂದ ಇಳಿದವನು ನೇರ ಗಿರಣಿಯೊಳಗೆ ಹೋದ. ನಾನೂ ಹಿಂದೆಯೇ ಓಡಿದೆ.

"ಇದೇನ ವೇಷ ಮಾಮಾ?" ಎಂದ. "ಉಸರಾಡಾಕ ಬರೂದಿಲ್ಲ ಅನ್ನಾವರು ಬಾಯಿ ಕಟ್ಟಕೊಂಡ ನಿಂತೀರಲ್ಲ?"

ಆಗ ನಮ್ಮವರು ಕೊಟ್ಟ ಉತ್ತರ ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಮೈಲಾರೀ, ದೇವರಿಗೆ ಹೋಗೂ ಹಿಟ್ಟಿಗೆ ಎಂಜಲ ಉಸರ ತಾಗಬಾರದು ಅನ್ನೂದು ನಿಮ್ಮವ್ವ ನಿನಗ ಕಲಿಸಿಲ್ಲೇನು, ನಿಮ್ಮಕ್ಕಗ ಕಲಿಸಿದ್ಲಲ್ಲ, ಮತ್ತ ಹಿಂಗ ಬರೇ ಬಾಯಿ ತಕ್ಕೊಂಡ, ಗಿರಣಿ ಒಳಗ ಬಂದ, ಮಂದಿ ಹಿಟ್ಟಿನ ಮ್ಯಾಲೆ ನಿಂತ ಮಾತಾಡಾಕತ್ತೀಯಲ್ಲ, ನಿನಗ ಗಿರಣಿ ಕೊಟ್ಟರ ನವಲಗುಂದದ ಸೀಮ್ಯಾಗಿನ ದೇವರಿಗೆಲ್ಲಾ ನಿನ್ನ ಎಂಜಲಾ ಉಣಸ್ತೀಯೇನು, ನಡಿ ಹೊರಗ!"

ಇದೆಲ್ಲ ಒಂದೇ ಉಸಿರಿನಲ್ಲಿ. ಮಕ್ತುಮಸಾಬ ಎಂಜಿನಿನ ಬಳಿಯಿಂದ, "ಶಾಬಾಸ್ ಸಾವ್ಕಾರ್ರ!" ಎಂದು ಕೂಗಿದ. ತಮ್ಮ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೂಗಿಗೆ ಹಿಟ್ಟು ಹೊಕ್ಕು ಸೀನತೊಡಗಿದ. ಸೀನುತ್ತ ಹೊರಗೆ ಹೋದ, ಹೊರಗೂ ಸೀನಿದ, ಬಂಡಿಯ ಎತ್ತುಗಳು ಬೆದರಿದವು.

ಅವನು ಕೆಟ್ಟವನಲ್ಲ. ಸೀನು ನಿಂತ ಮೇಲೆ ಅವನೇ ನಕ್ಕ. "ಮಾಮಾರಿಗೆ ಆರಾಮ ಆಗೈತಿ ಅಂದ್ರ ನಂಗ ಅದ ಸಾಕು," ಎಂದ. "ಆದ್ರ ಅಕ್ಕಾ, ಸಂಗಾತಿ ಮಂದಿನ್ನ ಕಟ್ಟಕೊಂಡ ಬಂದೇನಿ. ಖಾಲಿ ಬಂಡಿ ಹೊಡಕೊಂಡ ಊರಾಗ ಹೆಂಗ ಹೋಗ್ಲಿ? ನಗತಾರ."

"ಖಾಲಿ ಯಾಕ ಹೋಗ್ತಿ?" ಎಂದು ಅಡುಗೆಮನೆಗೆ ಹೋಗಿ ಬೀಸುಕಲ್ಲು ತೋರಿಸಿದೆ. "ಇದನ್ನ ಒಯ್ಯಿ. ಹಿತ್ತಲದಾಗ ಇಟ್ಟರ ಕೂಡಾಕ ಛಲೋ ಆಗ್ತೈತಿ."

ಆಳುಗಳು ಬರುವ ಮೊದಲೇ ನಮ್ಮವರು ಬಂದು ಮೇಲಿನ ಕಲ್ಲನ್ನು ಎತ್ತಿಕೊಂಡರು. ಬೇಡವೆಂದರೂ ಕೇಳಲಿಲ್ಲ. ಅಡುಗೆಮನೆಯಿಂದ ಪಡಸಾಲೆ, ಪಡಸಾಲೆಯಿಂದ ಕಟ್ಟೆ, ಕಟ್ಟೆಯಿಂದ ಬಂಡಿ. ಕಲ್ಲನ್ನು ಬಂಡಿಯಲ್ಲಿಟ್ಟು ಕೈ ಝಾಡಿಸಿದರು. ಎದೆಯಲ್ಲಿ ಸಿಳ್ಳಿಲ್ಲ. ತಮ್ಮನ ಬಂಡಿ ಓಣಿ ದಾಟುವವರೆಗೂ ಇಬ್ಬರೂ ಗಿರಣಿಯ ಬಾಗಿಲಲ್ಲಿ ನಿಂತು ನೋಡಿದೆವು.

ಆಗ ಅವರು ಅರಿವೆಯ ಒಳಗಿಂದಲೇ, ನನ್ನ ಕಡೆ ನೋಡದೆ, ಹೇಳಿದರು: "ಹಿಟ್ಟಿಂದನ ದಮ್ಮ ಬರತಿತ್ತು ಗೌರೀ. ಅದು ನನಗ ಗೊ‌ತ್ತಿತ್ತು."

"ಏನಂದ್ರಿ?"

"ಆ ಶುಕ್ರವಾರ ನಿಮ್ಮ ತಮ್ಮನ ದಾರಿ ಕಾಯಿಸಿದಿ ನೋಡು, ಅವತ್ತ ತಿಳೀತು. ಒಪ್ಪಿಕೊಂಡಿದ್ರ ನೀ ಅವತ್ತ ಗಿರಣಿ ಕಳಿಸಿಬಿಡ್ತಿದ್ದಿ. ಅದಕ್ಕ ದೇವರ ಮ್ಯಾಲೆ ಹಾಕಿದೆ. ವಾರದಾಗ ಎರಡ ದಿನ ರಜಾ ಮಾಡಿದ್ರ ಹೆಂಗರ ತಡಕೊಂಡೇನು ಅಂತ ಮಾಡಿದ್ದೆ."

"ತಡಕೊಳ್ಳೂದ್ಯಾಕ? ಗಿರಣಿ ಏನ ನಿಮ್ಮ ಜೀವಕ್ಕಿಂತ ಹೆಚ್ಚೇನು?"

ಅವರು ಬಂಡಿ ಹೋದ ದಾರಿಯ ಕಡೆ ಕೈ ತೋರಿಸಿದರು. "ಮದಿವಿ ಆದ ಹೊಸದಾಗ ದಿನಾ ನಸುಕಿನ್ಯಾಗ ಕಲ್ಲಿನ ಸಪ್ಪಳ ಕೇಳತಿತ್ತು. ನೀ ಹಾಡತಿದ್ದಿ. ಒಂದಿನ ಎದ್ದ ಬಂದ ನೋಡಿದೆ. ಹಾಡಾಕತ್ತಿದ್ದಿ, ಕಣ್ಣಾಗ ನೀರ ಇಳ್ಯಾಕತ್ತಿತ್ತು. ನಿನಗ ಗೊತ್ತಾಗಲಿಲ್ಲ. ಅವತ್ತ ಮನಸಿನ್ಯಾಗ ಮಾಡಿದ್ದೆ, ಈ ಕಲ್ಲ ಮನ್ಯಾಗಿಂದ ಹೊರಗ ಹಾಕಬೇಕಂತ. ಇಷ್ಟ ವರ್ಷ ಹಿಡೀತು."

ನನಗೆ ಸಿಟ್ಟು ಬಂತು. ಇಂಥ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ನೇರಳೆ ತುಟಿ ಮಾಡಿಕೊಂಡು ಚೀಲದ ಮೇಲೆ ಕುಳಿತಿದ್ದ ಮನುಷ್ಯ, ನನ್ನ ಹೆಗಲಿಗಾಗಿ, ಬಾಯಿಬಿಡದೆ! ಬೈಯಬೇಕು ಎಂದು ಬಾಯಿ ತೆರೆದೆ. ಒಂದೇ ಒಂದು ಶಬ್ದ ಹೊರಬಿತ್ತು.

"ನೀಲಕಂಠಪ್ಪಾ!"

ಓಣಿಗೆಲ್ಲ ಕೇಳಿಸುವ ಹಾಗೆ. ಗೋಡೆಯ ಮೇಲಿಂದ ಇಮಾಮಬಿ ಇಣುಕಿದಳು, ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ನಾಲಿಗೆ ಕಚ್ಚಿಕೊಂಡೆ. ನಮ್ಮವರು ಬೆಪ್ಪಾಗಿ ನಿಂತರು. ಆಮೇಲೆ ಅವರ ಹೆಗಲು ಕುಲುಕತೊಡಗಿತು. ಅರಿವೆ ಕೆಳಗೆ ಜಾರಿಸಿ, ಗಿರಣಿಯ ಬಾಗಿಲಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಅಭ್ಯಾಸದಂತೆ ಕೆಮ್ಮು ಬರುತ್ತದೆ ಎಂದು ಕಾದೆ, ಬರಲಿಲ್ಲ; ಅರಿವೆಯನ್ನು ಮತ್ತೆ ಮೂಗಿನ ಮೇಲಕ್ಕೆ ಎಳೆದು ಕಟ್ಟಿ ಒಳಗೆ ಕಳಿಸಿದೆ.